‘ಔಟ್‌ಸ್ಟ್ಯಾಂಡಿಂಗ್’ ಎಂದರೆ ಅತ್ಯುತ್ತಮವೋ, ಬಾಕಿಯೋ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯವಳು. ಬಿ.ಎ.ವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದೇನೆ. ಈಚೆಗೆ ಸರಬರಾಜುದಾರರಿಗೆ ಇ-ಮೇಲ್ ಬರೆಯುವ ಕೆಲಸವೂ ನನಗೇ ಬಂದಿದೆ. ಪ್ರತಿ ಭಾನುವಾರ 50 ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದು ಬಾಯಿಪಾಠ ಮಾಡುತ್ತೇನೆ. ಮುಂದಿನ ಭಾನುವಾರದ ಹೊತ್ತಿಗೆ ಐದಾರು ನೆನಪಿದ್ದರೆ ಹೆಚ್ಚು. ಮೊನ್ನೆ ಒಬ್ಬ ಸರಬರಾಜುದಾರರು ಬಿಲ್ಲಿನ ಮೊತ್ತ ‘ಸ್ಟಿಲ್ ಔಟ್‌ಸ್ಟ್ಯಾಂಡಿಂಗ್’ ಎಂದು ಬರೆದಿದ್ದರು. ನನ್ನ ಪಟ್ಟಿಯಲ್ಲಿ ಆ ಪದಕ್ಕೆ ‘ಅತ್ಯುತ್ತಮ’ ಎಂದಿತ್ತು. ಏನೋ ಹೊಗಳಿದ್ದಾರೆಂದು ಎರಡು ದಿನ ಸುಮ್ಮನಿದ್ದೆ. ವಾರಕ್ಕೆ ಎಷ್ಟು ಪದ ಕಲಿತರೆ ನಿಲ್ಲುತ್ತದೆ? ಯಾವ ಪದಗಳನ್ನು ಆರಿಸಿಕೊಳ್ಳಬೇಕು? ಕನ್ನಡದಲ್ಲಿ ಅರ್ಥ ಬರೆದುಕೊಂಡರೆ ಇಂಗ್ಲಿಷ್ ಬರುವುದೇ ಇಲ್ಲ ಎನ್ನುತ್ತಾರೆ, ಅದು ನಿಜವೇ?

ಉತ್ತರ: ನಿಮ್ಮ ನೆನಪಿನ ಶಕ್ತಿಯಲ್ಲಿ ಯಾವ ದೋಷವೂ ಇಲ್ಲ. ಐವತ್ತರಲ್ಲಿ ಐದಾರು ಉಳಿಯುವುದು ನೀವು ಹಿಡಿದಿರುವ ಕ್ರಮಕ್ಕೆ ದೊರೆಯುವ ಸಹಜ ಫಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು, 1885ರಲ್ಲಿ ಅದರ ವಿವರವನ್ನು ಪ್ರಕಟಿಸಿದ. ಕಲಿತದ್ದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಮೊದಲ ಗಂಟೆಯಲ್ಲೇ ಜಾರಿಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂಬುದು ಆತ ಕಂಡುಕೊಂಡ ಸಂಗತಿ. ಭಾನುವಾರ ಒಮ್ಮೆಗೇ ಐವತ್ತು ಪದಗಳನ್ನು ಉರು ಹೊಡೆದು, ಸೋಮವಾರದಿಂದ ಶನಿವಾರದವರೆಗೆ ಆ ಪುಟವನ್ನು ತೆರೆಯದಿದ್ದರೆ ಆ ಪದಗಳೂ ನಿಮ್ಮ ಮನಸ್ಸಿಗೆ ಅರ್ಥವಿಲ್ಲದ ಉಚ್ಚಾರಗಳಂತೆಯೇ ಆಗಿಬಿಡುತ್ತವೆ.

ಪುಟವನ್ನು ಮತ್ತೆ ಮತ್ತೆ ಓದಿದರೆ ಸಾಕೆ ಎಂದರೆ ಅದೂ ಸಾಲದು. ಅಮೆರಿಕದ ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಕಲಿಸಲಾಯಿತು. ಒಮ್ಮೆ ಸರಿಯಾಗಿ ಹೇಳಿದ ಪದವನ್ನೂ ಬಿಡದೆ ಮತ್ತೆ ಮತ್ತೆ ನೆನಪಿನಿಂದ ಹೇಳುವ ಪರೀಕ್ಷೆಗೆ ಒಳಗಾದವರಿಗೆ ವಾರದ ಬಳಿಕ ನೂರಕ್ಕೆ ಸುಮಾರು 80 ಪದ ಉಳಿದಿತ್ತು. ಒಮ್ಮೆ ಬಂದ ಪದವನ್ನು ಪರೀಕ್ಷೆಯಿಂದ ಕೈಬಿಟ್ಟು, ಬರೀ ಓದುವುದನ್ನು ಮುಂದುವರಿಸಿದವರಿಗೆ ಉಳಿದದ್ದು ಸುಮಾರು ಮೂರನೇ ಒಂದು ಪಾಲು. ಅರ್ಥವನ್ನು ಅಂಗೈಯಿಂದ ಮುಚ್ಚಿಕೊಂಡು, ‘ಇದೇನಾಗಿತ್ತು?’ ಎಂದು ಕ್ಷಣಕಾಲ ತಡಕಾಡುವ ಆ ಸಣ್ಣ ಸಂಕಟವೇ ಪದವನ್ನು ನೆನಪಿನಲ್ಲಿ ಊರಿಸುತ್ತದೆ. ಮಗ್ಗಿ ಹೇಳಿಸುವಾಗ ನಮ್ಮ ಮೇಷ್ಟ್ರುಗಳು ‘ಏಳೆಂಟ್ಲೆ?’ ಎಂದು ನಡುವಿನಿಂದ ಕೇಳುತ್ತಿದ್ದುದರ ಹಿಂದೆ ಇದೇ ತಿಳಿವಳಿಕೆ ಇತ್ತು.

ಆದ್ದರಿಂದ ವಾರಕ್ಕೆ ಎಂಟು ಪದ ಸಾಕು. ಕಡಿಮೆಯಾಯಿತೆಂದು ಅನ್ನಿಸಬಹುದು. ವರ್ಷಕ್ಕೆ ನಾನೂರರ ಹತ್ತಿರವಾಗುತ್ತದೆ, ಮತ್ತು ಒಂದು ಪದದ ಬೆನ್ನಿಗೆ ಅದರ ಬಳಗವೂ ಬರುವುದರಿಂದ ನಿಜವಾದ ಗಳಿಕೆ ಅದಕ್ಕಿಂತ ಹೆಚ್ಚು. ಸುಮಾರು ಮೂವತ್ತು ವರ್ಷ ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸಿದ ನನಗೆ, ಎಂಟಕ್ಕಿಂತ ಹೆಚ್ಚು ಪದ ಹೊತ್ತವರು ತಿಂಗಳೊಳಗೆ ಪುಸ್ತಕ ಮುಚ್ಚಿಟ್ಟದ್ದೇ ಹೆಚ್ಚಾಗಿ ಕಂಡಿದೆ.

ಯಾವ ಪದಗಳು ಎಂಬುದು ನಿಮ್ಮ ಪ್ರಶ್ನೆಯ ನಿಜವಾದ ತಿರುಳು. ಇಲ್ಲಿ ನಾನು ರೂಢಿಗೆ ಸ್ವಲ್ಪ ವಿರುದ್ಧವಾದ ಮಾತನ್ನೇ ಹೇಳಬೇಕಾಗಿದೆ: ಮೊದಲ ಎರಡು ಮೂರು ತಿಂಗಳು ಹೊಸ ಪದಗಳ ಗೊಡವೆಗಿಂತ, ನಿಮಗೆ ಈಗಾಗಲೇ ಗೊತ್ತಿದೆಯೆಂದು ನೀವು ನಂಬಿರುವ ಪದಗಳ ಮೇಲೆ ಹೆಚ್ಚು ದುಡಿಯಿರಿ. ಬೆಂಗಳೂರಿನಲ್ಲಿ ಕನ್ನಡ ಮಾತನಾಡುವ ಯಾರ ಬಾಯಲ್ಲೇ ಆದರೂ ನೂರಾರು ಇಂಗ್ಲಿಷ್ ಪದಗಳು ಓಡಾಡುತ್ತಿರುತ್ತವೆ. ಅವು ನಮ್ಮಲ್ಲಿಗೆ ಬಂದು ನಮ್ಮ ಅರ್ಥವನ್ನು ತೊಟ್ಟುಕೊಂಡಿವೆ. ಕನ್ನಡದೊಳಗೆ ಅದರಿಂದ ತೊಂದರೆಯೇನೂ ಇಲ್ಲ. ಅದೇ ಅರ್ಥವನ್ನು ಹೊತ್ತುಕೊಂಡು ಇಂಗ್ಲಿಷ್ ವಾಕ್ಯದೊಳಗೆ ಕಾಲಿಟ್ಟಾಗ ಮಾತ್ರ ಎಡವುತ್ತೇವೆ.

ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಗೇಟಿಗೆ ತೂಗುಹಾಕಿದ ‘ಮನೆ ಲೀಸ್‌ಗಿದೆ’ ಎಂಬ ಫಲಕವನ್ನು ನೆನೆಸಿಕೊಳ್ಳಿ. ಅದನ್ನು ಓದಿದ ನಮಗೆ ತಿಳಿಯುವುದು ಇಷ್ಟು: ದೊಡ್ಡ ಮೊತ್ತವೊಂದನ್ನು ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಹಣ ವಾಪಸ್. ಕನ್ನಡದಲ್ಲಿ ಇದಕ್ಕೆ ಭೋಗ್ಯವೆಂಬ ಹಳೆಯ, ಚೊಕ್ಕವಾದ ಪದವಿದೆ. ಇಂಗ್ಲಿಷಿನಲ್ಲಾದರೋ ‘ಲೀಸ್’ ಎಂದರೆ ಇಂತಿಷ್ಟು ಅವಧಿಗೆಂದು ಮಾಡಿಕೊಳ್ಳುವ ಗುತ್ತಿಗೆಯ ಕರಾರು ಮಾತ್ರ. ತಿಂಗಳು ತಿಂಗಳು ಬಾಡಿಗೆ ಕೊಡುವವರೂ ‘ಲೀಸ್’ಗೇ ಸಹಿ ಹಾಕುತ್ತಾರೆ. ಹಾಗೆಯೇ ತರಗತಿಯಲ್ಲಿ ‘ಸರ್, ಒಂದು ಡೌಟ್’ ಎಂದರೆ ನಮಗೆ ಅದು ಪ್ರಶ್ನೆ. ಹೊರನಾಡಿನ ಇಂಗ್ಲಿಷ್ ಭಾಷಿಕರಿಗೆ ‘ಐ ಹ್ಯಾವ್ ಎ ಡೌಟ್’ ಎಂದು ಬರೆದರೆ, ನಿಮ್ಮ ಮಾತಿನಲ್ಲಿ ನನಗೆ ನಂಬಿಕೆ ಸಾಲದು ಎಂಬ ಧ್ವನಿ ತಲುಪುತ್ತದೆ. ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದರೆ ಸರಿದು ಕೂರಿ ಎಂದು ಎಲ್ಲರಿಗೂ ತಿಳಿಯುತ್ತದೆ, ಇಂಗ್ಲಿಷಿನಲ್ಲಿ ಕುರ್ಚಿಯ ಎತ್ತರವನ್ನೋ ಕನ್ನಡಕವನ್ನೋ ಅಡ್ಜಸ್ಟ್ ಮಾಡುತ್ತಾರೆ, ಹೊಸ ಊರಿಗೆ ಅಡ್ಜಸ್ಟ್ ಆಗುತ್ತಾರೆ. ಕಚೇರಿಗಳಲ್ಲಂತೂ ‘ಪ್ಲೀಸ್ ರಿವರ್ಟ್’ ಎಂದರೆ ಉತ್ತರಿಸಿ ಎಂದೇ ಆಗಿಹೋಗಿದೆ. ಮೂಲದಲ್ಲಿ ಆ ಪದಕ್ಕೆ ಹಿಂದಿನ ಸ್ಥಿತಿಗೆ ಮರಳುವುದೆಂದು ಅರ್ಥ.

‘ಕರೆಂಟ್’ ಎಂಬುದನ್ನು ತುಸು ಹತ್ತಿರದಿಂದ ನೋಡಬಹುದು. ‘ಕರೆಂಟ್ ಹೋಯಿತು’ ಎನ್ನದ ಮನೆ ಬೆಂಗಳೂರಿನಲ್ಲಿಲ್ಲ. ಈ ಪದದ ಬೇರು ಓಡುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಲ್ಲಿದೆ. ತಂತಿಯಲ್ಲಿ ಓಡುವುದು ವಿದ್ಯುತ್ತು, ನದಿಯಲ್ಲಿ ಓಡುವುದು ಸೆಳೆತ, ಈಗ ಓಡುತ್ತಿರುವ ಕಾಲದ ಸಂಗತಿಗಳು ‘ಕರೆಂಟ್ ಅಫೇರ್ಸ್’, ಹಣ ನಿತ್ಯ ಬಂದು ಹೋಗುವ ಖಾತೆ ‘ಕರೆಂಟ್ ಅಕೌಂಟ್’. ಮನೆಯ ಸ್ವಿಚ್ಚಿನಿಂದ ಹೊರಟ ಒಂದೇ ಪದ ಬ್ಯಾಂಕಿನವರೆಗೆ ಕರೆದೊಯ್ಯಿತು, ಉರು ಹೊಡೆಯುವ ಪ್ರಮೇಯವೇ ಬರಲಿಲ್ಲ.

ನಿಮ್ಮನ್ನು ಕಾಡಿದ ‘ಔಟ್‌ಸ್ಟ್ಯಾಂಡಿಂಗ್’ ಕೂಡ ಇದೇ ಬಗೆಯದು. ಹೊರಗೆ ಎದ್ದು ನಿಂತದ್ದು ಎಂಬ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಿ. ತರಗತಿಯಲ್ಲಿ ಉಳಿದವರಿಗಿಂತ ಎದ್ದು ಕಾಣುವ ವಿದ್ಯಾರ್ಥಿನಿ ಅತ್ಯುತ್ತಮಳು. ಲೆಕ್ಕ ಮುಗಿದ ಬಿಲ್ಲುಗಳೆಲ್ಲ ಕಡತದೊಳಗೆ ಸೇರಿದ ಮೇಲೂ ಹೊರಗೇ ನಿಂತಿರುವ ಬಿಲ್ಲು ಬಾಕಿ. ಇದು ವ್ಯುತ್ಪತ್ತಿಶಾಸ್ತ್ರವೆಂದು ನಾನು ವಾದಿಸುವುದಿಲ್ಲ, ನೆನಪಿಗೆ ಒಂದು ಗೂಟ, ಅಷ್ಟೆ. ಪಕ್ಕದಲ್ಲಿರುವ ಪದವೇ ಅರ್ಥವನ್ನು ತೀರ್ಮಾನಿಸುತ್ತದೆ ಎಂಬುದು ಇಲ್ಲಿ ಮುಖ್ಯ: ಜೊತೆಯಲ್ಲಿ ಮೊತ್ತ, ಬಿಲ್ಲು, ಸಾಲ ಎಂಬಂಥ ಮಾತಿದ್ದರೆ ಬಾಕಿ, ಆಟ, ಸಾಧನೆ, ವ್ಯಕ್ತಿ ಇದ್ದರೆ ಹೊಗಳಿಕೆ. ನಿಮ್ಮ ಪಟ್ಟಿ ಪದವನ್ನು ಅದರ ನೆರೆಹೊರೆಯಿಂದ ಕಿತ್ತು ತಂದದ್ದರಿಂದಲೇ ಎರಡು ದಿನದ ಫಜೀತಿ ಆಯಿತು.

ಕನ್ನಡದಲ್ಲಿ ನಾವು ಹಟ ಹಿಡಿಯುತ್ತೇವೆ, ಪಣ ತೊಡುತ್ತೇವೆ, ಹರಕೆ ಹೊರುತ್ತೇವೆ, ಆಣೆ ಇಡುತ್ತೇವೆ. ‘ಹಟ ಹೊತ್ತ’ ಎಂದಾಗಲಿ ‘ಹರಕೆ ಹಿಡಿದ’ ಎಂದಾಗಲಿ ಹೇಳಿದರೆ ತಪ್ಪೆಲ್ಲಿದೆಯೆಂದು ವಿವರಿಸಲಾರೆವು, ಆದರೆ ಕಿವಿ ಒಪ್ಪುವುದಿಲ್ಲ. ಇಂಗ್ಲಿಷಿಗೂ ಅಂಥದೇ ಕಿವಿ ಇದೆ. ಮಳೆಗೆ ‘ಹೆವಿ’, ಕಾಫಿಗೆ ‘ಸ್ಟ್ರಾಂಗ್’. ಅದಲು ಬದಲು ಮಾಡಿದರೆ ವ್ಯಾಕರಣ ಕೆಡುವುದಿಲ್ಲ, ಭಾಷೆ ಕೆಡುತ್ತದೆ. ಆದಕಾರಣ ಒಂಟಿ ಪದವನ್ನು ಎಂದಿಗೂ ಬರೆದುಕೊಳ್ಳಬೇಡಿ, ಅದರೊಂದಿಗೆ ಓಡಾಡುವ ಒಂದೆರಡು ಪದಗಳನ್ನೂ ಸೇರಿಸಿಕೊಳ್ಳಿ.

ಹೊಸ ಪದಗಳಿಗೆ ಬರೋಣ. ಇಂಗ್ಲಿಷಿನ ಎಲ್ಲ ಪದಗಳೂ ಒಂದೇ ತೂಕದವಲ್ಲ. ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದು, ಬಂಗಾಳಿ ಮಕ್ಕಳು ಇಂಗ್ಲಿಷ್ ಓದಲು ಪಡುವ ಪಾಡನ್ನು ಕಣ್ಣಾರೆ ಕಂಡಿದ್ದ ಮೈಕೇಲ್ ವೆಸ್ಟ್, ಕಲಿಯುವವರಿಗೆ ಅತ್ಯಂತ ಬಳಕೆಯ ಸುಮಾರು 2,000 ಪದಗಳ ಪಟ್ಟಿಯನ್ನು 1953ರಲ್ಲಿ ಹೊರತಂದ. ಸಾಮಾನ್ಯ ಬರವಣಿಗೆಯಲ್ಲಿ ಹತ್ತರಲ್ಲಿ ಎಂಟರಷ್ಟು ಪದಗಳು ಇಂಥ ಎರಡು ಸಾವಿರದೊಳಗಿನವೇ ಆಗಿರುತ್ತವೆ. ಅದರ ಮೇಲೆ, ವಿದ್ವತ್ ಬರವಣಿಗೆಯಲ್ಲಿ ವಿಷಯ ಯಾವುದಾದರೂ ಮರಳಿ ಮರಳಿ ಬರುವ 570 ಪದಕುಟುಂಬಗಳನ್ನು ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪಟ್ಟಿ ಮಾಡಿದರು. ಈ ಎರಡು ಪಟ್ಟಿಗಳೂ ಅಂತರ್ಜಾಲದಲ್ಲಿ ಸಿಗುತ್ತವೆ. ಅವನ್ನು ಬಾಯಿಪಾಠ ಮಾಡಲು ಹೊರಡಬೇಡಿ. ಇ-ಮೇಲಿನಲ್ಲೋ ಪತ್ರಿಕೆಯಲ್ಲೋ ತಿಳಿಯದ ಪದವೊಂದು ಎದುರಾದಾಗ, ಅದು ಈ ಪಟ್ಟಿಗಳಲ್ಲಿದ್ದರೆ ಈ ವಾರವೇ ಕಲಿಯಬೇಕಾದ ಪದವೆಂದು ತಿಳಿಯಿರಿ. ಇಲ್ಲದಿದ್ದರೆ, ನಿಮ್ಮ ಕೆಲಸಕ್ಕೆ ಬೇಕಾದ ಪದವಲ್ಲವಾದರೆ, ಬಿಟ್ಟು ಮುಂದೆ ಹೋಗಿ. ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ ತುಂಬಿರುವ ಅಪರೂಪದ ಉದ್ದುದ್ದ ಪದಗಳ ಮೇಲಿನ ಮೋಹವನ್ನು ಸದ್ಯಕ್ಕೆ ಬದಿಗಿಡಿ. ನಾನೂ ಚಿಕ್ಕ ವಯಸ್ಸಿನಲ್ಲಿ ಅಂಥ ಪಟ್ಟಿಯೊಂದನ್ನು ನುಂಗಿದ್ದೆ. ಅದರಲ್ಲಿದ್ದ ಪದಗಳಲ್ಲಿ ಹೆಚ್ಚಿನವು ಆಮೇಲೆ ನನಗೆ ಎಲ್ಲಿಯೂ ಭೇಟಿಯಾಗಲಿಲ್ಲ.

ವಾರವನ್ನು ಹೇಗೆ ಹೂಡಬೇಕೆಂಬುದನ್ನು ನಿಮ್ಮ ಸ್ಟೋರ್ಸಿನ ಒಂದು ಪದದಿಂದಲೇ ತೋರಿಸುತ್ತೇನೆ. ವರ್ಷಾಂತ್ಯದಲ್ಲಿ ನೀವು ‘ಸ್ಟಾಕ್ ರೆಕನ್‌ಸಿಲಿಯೇಷನ್’ ಮಾಡಿರುತ್ತೀರಿ, ಎಂದರೆ ರ‍್ಯಾಕಿನಲ್ಲಿರುವ ಸರಕನ್ನೂ ಪುಸ್ತಕದಲ್ಲಿರುವ ಲೆಕ್ಕವನ್ನೂ ತಾಳೆ ನೋಡಿರುತ್ತೀರಿ. ಅದರ ಕ್ರಿಯಾಪದ ‘ರೆಕನ್‌ಸೈಲ್’. ಭಾನುವಾರ ಒಂದು ಕಾರ್ಡಿನ ಮುಂಬದಿಯಲ್ಲಿ ಆ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ, ಅದು ಸಿಕ್ಕ ವಾಕ್ಯದ ಸಮೇತ ಬರೆಯಿರಿ. ಹಿಂಬದಿಯಲ್ಲಿ ‘ತಾಳೆ ಮಾಡು’ ಎಂದು ಕನ್ನಡದಲ್ಲಿ ಬರೆಯಿರಿ. ಉಚ್ಚಾರಣೆಯಲ್ಲಿ ಒತ್ತು ಮೊದಲ ‘ರೆ’ ಮೇಲೆ ಬೀಳುತ್ತದೆ, ನಾಮಪದದಲ್ಲಿ ಅದು ‘ಯೇ’ಗೆ ಜಾರುತ್ತದೆ, ಆ ಅಕ್ಷರದ ಕೆಳಗೆ ಗೆರೆ ಎಳೆಯಿರಿ. ಸೋಮವಾರ ಬೆಳಿಗ್ಗೆ ಮೆಟ್ರೋದಲ್ಲಿ ಮೆಜೆಸ್ಟಿಕ್ ಬರುವುದರೊಳಗೆ ಎಂಟೂ ಕಾರ್ಡುಗಳ ಮುಂಬದಿಯನ್ನು ನೋಡಿ ಅರ್ಥವನ್ನು, ಹಸಿರು ಮಾರ್ಗಕ್ಕೆ ಬದಲಾಯಿಸಿದ ಮೇಲೆ ಹಿಂಬದಿಯನ್ನು ನೋಡಿ ಪದವನ್ನು ನೆನಪಿಸಿಕೊಳ್ಳಿ. ಎರಡನೆಯದು ಕಷ್ಟ. ಪತ್ರ ಬರೆಯುವಾಗ ಬೇಕಾಗುವುದು ಮಾತ್ರ ಅದೇ.

ಮಂಗಳವಾರ ಕಾರ್ಡುಗಳನ್ನು ಮುಟ್ಟಬೇಡಿ, ಸ್ವಲ್ಪ ಮರೆಯಲು ಬಿಡಿ. ಬುಧವಾರ ನಿಘಂಟು ತೆರೆದು ಪದದ ಬಳಗವನ್ನು ನೋಡಿ. ಜಗಳವಾಡಿದ ಅಣ್ಣ ತಮ್ಮಂದಿರು ರಾಜಿಯಾದರೂ ಅದೇ ‘ರೆಕನ್‌ಸೈಲ್’, ತಪ್ಪಿಸಲಾಗದ ಕಷ್ಟಕ್ಕೆ ಮನಸ್ಸನ್ನು ಒಗ್ಗಿಸಿಕೊಂಡರೂ ಅದೇ, ಯಾವ ರೀತಿಯಲ್ಲೂ ಹೊಂದಿಕೆಯಾಗದ ಅಭಿಪ್ರಾಯಗಳು ‘ಇರ‍್ರೆಕನ್‌ಸೈಲಬಲ್’. ಲೆಕ್ಕದ ತಾಳೆ, ಮನಸ್ಸಿನ ತಾಳೆ, ಬದುಕಿನೊಂದಿಗಿನ ತಾಳೆ ಎಂದು ಕನ್ನಡದಲ್ಲೂ ಒಂದೇ ಪದದ ಸುತ್ತ ಇವನ್ನು ಕೂಡಿಸಬಹುದು. ಜನರನ್ನು ಒಂದೆಡೆ ಸೇರಿಸುವ ಸಭೆ ಎಂಬರ್ಥದ ಲ್ಯಾಟಿನ್ ಪದವೇ ಇದಕ್ಕೂ ‘ಕೌನ್ಸಿಲ್’ಗೂ ಮೂಲ. ಗುರುವಾರ ಮತ್ತೆ ಬಿಡುವು. ಶುಕ್ರವಾರ ಇನ್ನೊಮ್ಮೆ ಎರಡೂ ಬದಿಯ ಪರೀಕ್ಷೆ. ಶನಿವಾರ ರಾತ್ರಿ, ಆ ವಾರ ನಿಮ್ಮ ಬಾಳಿನಲ್ಲಿ ನಡೆದದ್ದನ್ನೇ ಕುರಿತು ಎಂಟು ಇಂಗ್ಲಿಷ್ ವಾಕ್ಯಗಳನ್ನು ಬರೆಯಿರಿ, ಒಂದೊಂದರಲ್ಲಿ ಒಂದೊಂದು ಪದ. ವಾಕ್ಯ ನಿಮ್ಮದೇ ಆಗಿರಬೇಕು. ನಿಘಂಟಿನಿಂದ ನಕಲು ಮಾಡಿದ ವಾಕ್ಯಕ್ಕೆ ನಾನು ಅಂಕ ಕೊಡುವುದಿಲ್ಲ.

ಗೆದ್ದ ಕಾರ್ಡುಗಳನ್ನು ಎಸೆಯಬೇಡಿ. ಸಿಹಿ ಅಂಗಡಿಯ ಖಾಲಿ ಡಬ್ಬವೊಂದನ್ನು ಮೂರು ಅರೆ ಮಾಡಿ. ಮೊದಲ ಅರೆ ಈ ವಾರದ್ದು, ಎರಡನೆಯದನ್ನು ವಾರಕ್ಕೊಮ್ಮೆ, ಮೂರನೆಯದನ್ನು ತಿಂಗಳಿಗೊಮ್ಮೆ ತೆರೆಯಬೇಕು. ಸರಿ ಹೇಳಿದ ಕಾರ್ಡು ಮುಂದಿನ ಅರೆಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಈ ಉಪಾಯವನ್ನೇ ಈಗಿನ ಮೊಬೈಲ್ ಆ್ಯಪ್‌ಗಳು ಯಂತ್ರದ ಲೆಕ್ಕದಲ್ಲಿ ಮಾಡುತ್ತವೆ. ಆ್ಯಪ್ ಬೇಕಾದರೆ ಬಳಸಿ, ಆದರೆ ಕಾರ್ಡನ್ನು ನೀವೇ ತಯಾರಿಸಿ. ಬೇರೆಯವರು ಮಾಡಿಟ್ಟ ಸಾವಿರ ಪದಗಳ ಕಟ್ಟನ್ನು ಇಳಿಸಿಕೊಂಡರೆ ಹಳೆಯ ಕಥೆಯೇ ಮರುಕಳಿಸುತ್ತದೆ.

ಕನ್ನಡ ಅರ್ಥದ ಬಗ್ಗೆ ನಿಮ್ಮನ್ನು ಹೆದರಿಸಿದವರ ಮಾತನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಪದವನ್ನು ಮೊದಲು ಪರಿಚಯಿಸಿಕೊಳ್ಳಲು ತಾಯ್ನುಡಿಯಷ್ಟು ಹತ್ತಿರದ ದಾರಿ ಬೇರೆ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಮನೆಯಲ್ಲಿರಲಿ. ಬುಧವಾರದ ಕೆಲಸಕ್ಕೆ ಮಾತ್ರ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬೇಕು. ಎ. ಎಸ್. ಹಾರ್ನ್‌ಬಿ ಜಪಾನಿನ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾ ಸಿದ್ಧಪಡಿಸಿ 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದ ನಿಘಂಟೇ ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟಿನ ಮೂಲ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಎಲ್ಲ ಅರ್ಥಗಳನ್ನೂ ಸುಮಾರು 2,000 ಸರಳ ಪದಗಳಲ್ಲೇ ವಿವರಿಸುವ ನೇಮ ಹಾಕಿಕೊಂಡಿತು. ಪದದ ಜೊತೆಗಾರರು ಯಾರೆಂದು ಇವು ಉದಾಹರಣೆ ಸಮೇತ ತೋರಿಸುತ್ತವೆ.

ಉಪಸರ್ಗಗಳ ಪಾಠ ನಿಮಗೆ ಹೊಸದೇನಲ್ಲ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದು ಮೊದಲ ಒಂದೆರಡು ಅಕ್ಷರ ಬದಲಾದರೆ ಅರ್ಥ ಎಲ್ಲಿಂದ ಎಲ್ಲಿಗೆ ಹಾರುತ್ತದೆಂದು ಕನ್ನಡದಲ್ಲೇ ಬಲ್ಲಿರಿ. ಲ್ಯಾಟಿನ್ನಿನಲ್ಲಿ ಹೊರುವುದೆಂಬ ಅರ್ಥದ ‘ಪೋರ್ಟ್’ ಕೂಡ ಹೀಗೆಯೇ ‘ಇಂಪೋರ್ಟ್’, ‘ಎಕ್ಸ್‌ಪೋರ್ಟ್’, ‘ಟ್ರಾನ್ಸ್‌ಪೋರ್ಟ್’ ಆಗುತ್ತದೆ. ಆದರೆ ‘ಇನ್’ ಕಂಡಲ್ಲೆಲ್ಲ ‘ಅಲ್ಲ’ ಎಂದು ಓದಬೇಡಿ. ‘ಇನ್‌ಫ್ಲೇಮಬಲ್’ ಎಂದು ಬರೆದ ಡಬ್ಬ ಸ್ಟೋರ್ಸಿಗೆ ಬಂದರೆ ಅದು ಬೇಗ ಬೆಂಕಿ ಹೊತ್ತಿಕೊಳ್ಳುವ ಸರಕು. ‘ಇನ್‌ವ್ಯಾಲ್ಯುಯಬಲ್’ ಎಂದರೆ ಬೆಲೆ ಕಟ್ಟಲಾಗದಷ್ಟು ಅಮೂಲ್ಯ.

ಒಂದೇ ಅರ್ಥದ ನಾಲ್ಕು ಪದಗಳನ್ನಾಗಲಿ, ಒಂದು ಪದವನ್ನೂ ಅದರ ವಿರುದ್ಧ ಪದವನ್ನೂ ಆಗಲಿ ಒಂದೇ ವಾರಕ್ಕೆ ಹಾಕಿಕೊಳ್ಳಬೇಡಿ. ನಮ್ಮ ಶಾಲಾ ಪುಸ್ತಕಗಳು ಇದನ್ನೇ ಮಾಡಿಸುತ್ತವೆ, ಆದರೂ ಹತ್ತಿರದ ಪದಗಳು ಒಟ್ಟಿಗೆ ಬಂದರೆ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತವೆಂದು ಪ್ರಯೋಗಗಳು ತೋರಿಸಿವೆ. ‘ಅಫೆಕ್ಟ್’ ಗಟ್ಟಿಯಾದ ತಿಂಗಳ ಬಳಿಕ ‘ಇಫೆಕ್ಟ್’ ಬರಲಿ. ಯಾವ ಬೇರೂ ಸಿಗದೆ ಸತಾಯಿಸುವ ಪದಕ್ಕೆ ಕನ್ನಡದ ಗೂಟ ಹುಡುಕಿ: ‘ಗಾಂಟ್’ ಎಂದರೆ ಮೂಳೆಯ ಗಂಟುಗಳು ಎಣಿಸಲು ಸಿಗುವಷ್ಟು ಬಡಕಲಾದವನು. ನನ್ನ ತರಗತಿಯಲ್ಲಿ ಈ ಗಂಟನ್ನು ಮರೆತವರಿಲ್ಲ.

ಕಾರ್ಡಿನಿಂದಾಚೆ ಓದು ಇರಲೇಬೇಕು. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ 1948ರಲ್ಲಿ ಇದೇ ಊರಿನ ಒಂದೇ ಸಂಸ್ಥೆಯಿಂದ ಹುಟ್ಟಿದ ಪತ್ರಿಕೆಗಳು. ನೀರಿನ ದರವೋ ಮೆಟ್ರೋ ಕಾಮಗಾರಿಯೋ, ಒಂದೇ ಸುದ್ದಿಯನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿ. ವಿಷಯ ಗೊತ್ತಿರುವುದರಿಂದ ಹೊಸ ಪದದ ಅರ್ಥ ತಾನೇ ಅರ್ಧ ತೆರೆದುಕೊಂಡಿರುತ್ತದೆ. ಚರ್ಚ್ ಸ್ಟ್ರೀಟಿನಲ್ಲೋ ಅವೆನ್ಯೂ ರಸ್ತೆಯಲ್ಲೋ ಹಳೆಯ ಪುಸ್ತಕ ಕೊಳ್ಳುವಾಗ ನಡುವಿನ ಒಂದು ಪುಟ ತೆರೆದು ಓದಿ. ಐವತ್ತು ಪದಕ್ಕೆ ಒಂದು ಮಾತ್ರ ತಿಳಿಯದಿದ್ದರೆ, ಅಂದರೆ ಪುಟಕ್ಕೆ ಐದಾರು, ಅದು ನಿಮ್ಮ ಪುಸ್ತಕ. ಹತ್ತು ದಾಟಿದರೆ ಮುಂದಿನ ವರ್ಷಕ್ಕೆ ಬಿಡಿ. ಅಳವಿಗೆ ಮೀರಿದ ಇಂಗ್ಲಿಷ್ ಕಾದಂಬರಿ ಕೊಂಡು ಹತ್ತನೇ ಪುಟದಲ್ಲಿ ಗುರುತಿಟ್ಟು ಮಡಚಿದವರು ನಮ್ಮಲ್ಲಿ ಬಹಳ ಮಂದಿ.

ಈ ಭಾನುವಾರದ ಎಂಟು ಪದಗಳನ್ನು ನಿಮ್ಮ ಕೆಲಸದಿಂದಲೇ ಆಯ್ದು ಕೊಡುತ್ತೇನೆ: ‘ಔಟ್‌ಸ್ಟ್ಯಾಂಡಿಂಗ್’, ‘ರೆಕನ್‌ಸೈಲ್’, ‘ಡೌಟ್’, ‘ಕರೆಂಟ್’, ‘ರಿವರ್ಟ್’, ಎರಡು ಲೆಕ್ಕಗಳ ನಡುವೆ ಕಾಣುವ ವ್ಯತ್ಯಾಸಕ್ಕೆ ‘ಡಿಸ್ಕ್ರೆಪೆನ್ಸಿ’, ಮುಂದಕ್ಕೆ ಹಾಕುವುದಕ್ಕೆ ‘ಡಿಫರ್’, ಬರಬೇಕಾದ ದಂಡ ಶುಲ್ಕವನ್ನು ಮನ್ನಾ ಮಾಡುವುದಕ್ಕೆ ‘ವೇವ್’. ಕೊನೆಯ ಎರಡನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಮೋಸ ಹೋಗುತ್ತೀರಿ. ಭಿನ್ನವಾಗಿರುವುದು ಎಂಬ ಅರ್ಥದ ಇನ್ನೊಂದು ‘ಡಿಫರ್’ ಇದೆ, ಅದರಲ್ಲಿ ಎಫ್ ಅಕ್ಷರ ಎರಡು, ಒತ್ತು ಮೊದಲಲ್ಲಿ. ನಿಮಗೀಗ ಬೇಕಾದದ್ದರಲ್ಲಿ ಎಫ್ ಒಂದೇ, ಒತ್ತು ಕೊನೆಯಲ್ಲಿ. ಅಲೆ ಎಂಬರ್ಥದ ‘ವೇವ್’ನಲ್ಲಿ ಐ ಅಕ್ಷರವಿಲ್ಲ, ಮನ್ನಾ ಮಾಡುವುದರಲ್ಲಿದೆ. ನಿಮ್ಮ ಸರಬರಾಜುದಾರರು ಎರಡು ದಿನದ ತಡಕ್ಕೆ ಬಡ್ಡಿ ಹಾಕಿದ್ದರೆ, ಶನಿವಾರದ ಎಂಟನೆಯ ವಾಕ್ಯವನ್ನು ಅವರಿಗೇ ಬರೆದು ಕಳುಹಿಸಬಹುದು.